ಒಸಡಿನ ನೆತ್ತರು, ಹೃದಯದ ಲೆಕ್ಕ

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಬಂದ ಸುದ್ದಿ ಇಡೀ ನಾಡನ್ನು ಕಂಗೆಡಿಸಿತ್ತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹರೆಯದವರೂ ಇದ್ದರು ಎಂದು ಪತ್ರಿಕೆಗಳು ಬರೆದವು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿಯೊಂದನ್ನು ನೇಮಿಸಿತು. ಸಮಿತಿಗೆ ಕಂಡದ್ದು ನಿಗೂಢವಾದ ಹೊಸ ರೋಗವೇನಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನದಂಥ ಹಳೆಯ ಕಾರಣಗಳೇ. ಹೃದಯದ ಮಾತು ಬಂದಾಗಲೆಲ್ಲ ನಾವು ಬೆರಳು ಮಡಚಿ ಎಣಿಸುವುದು ಇದೇ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಬಾಯಿಯ ಹೆಸರು ಬರುವುದಿಲ್ಲ. ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯ ಜೊತೆ ಕೆಂಪು ಕಂಡರೆ ಬ್ರಷ್ಷು ಚುಚ್ಚಿರಬೇಕು ಎಂದುಕೊಂಡು ಸುಮ್ಮನಾಗುತ್ತೇವೆ. ಆ ಕೆಂಪಿಗೂ ಹೃದಯದ ರಕ್ತನಾಳಕ್ಕೂ ನಂಟಿದೆಯೇ, ಇದ್ದರೆ ಎಷ್ಟು ಗಟ್ಟಿಯದು, ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನಮಗೆ ಅದರಿಂದ ಏನು ಪ್ರಯೋಜನ ಎಂಬುದೇ ಈ ಹೊತ್ತಿನ ವಿಚಾರ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಸಡಿಗೆ ಚಿಕಿತ್ಸೆ ಮಾಡಿಸಿಕೊಂಡರೆ ಹೃದಯಾಘಾತ ತಪ್ಪುತ್ತದೆ ಎಂದು ಇವತ್ತಿನ ವಿಜ್ಞಾನ ಹೇಳಲಾರದು. ಆದರೆ ರಕ್ತ ಒಸರುವ ಒಸಡು, ಹೃದಯಕ್ಕೆ ಕುತ್ತು ತರುವ ಕಾರಣಗಳು ದೇಹದಲ್ಲಿ ಬೀಡುಬಿಟ್ಟಿರಬಹುದು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ. ದೊಡ್ಡಾಸ್ಪತ್ರೆ ದೂರವಿರುವ ಊರುಗಳಲ್ಲಿ ಇಷ್ಟು ಅಗ್ಗದ ಸಾಕ್ಷಿಯನ್ನು ಕಡೆಗಣಿಸುವುದು ಜಾಣತನವಲ್ಲ.

ಮೊದಲು ಕಾಯಿಲೆಯನ್ನು ಹತ್ತಿರದಿಂದ ನೋಡೋಣ. ಹಲ್ಲಿನ ಬುಡದಲ್ಲಿ ದಿನವೂ ತೆಳ್ಳಗೆ ಪಾಚಿ ಕಟ್ಟುತ್ತದೆ. ಅದು ಬರೀ ಅನ್ನ, ರೊಟ್ಟಿಯ ಚೂರಲ್ಲ. ಒಂದಕ್ಕೊಂದು ಅಂಟಿಕೊಂಡು ಬೆಳೆಯುವ ಸೂಕ್ಷ್ಮಾಣುಗಳ ಪದರ. ಸರಿಯಾಗಿ ತಿಕ್ಕಿದರೆ ಹೋಗುತ್ತದೆ. ಬಿಟ್ಟರೆ ಜೊಲ್ಲಿನ ಸುಣ್ಣದಂಶ ಸೇರಿ ಕಲ್ಲಿನಂತೆ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಅದು ಜಗ್ಗುವುದಿಲ್ಲ. ಒಸಡು ಕೆಂಪೇರಿ, ಊದಿ, ಮುಟ್ಟಿದರೆ ರಕ್ತ ಬರುವುದು ಮೊದಲ ಹಂತ. ಈ ಹಂತದಲ್ಲಿ ಶುಚಿ ಮಾಡಿಸಿದರೆ ಒಸಡು ಪೂರ್ತಿಯಾಗಿ ಮೊದಲಿನಂತಾಗುತ್ತದೆ. ಉದಾಸೀನ ಮಾಡಿದರೆ ಉರಿಯೂತ ಕೆಳಗಿಳಿದು, ಹಲ್ಲನ್ನು ಹಿಡಿದಿಟ್ಟ ನಾರುಗಳನ್ನೂ ದವಡೆಯ ಮೂಳೆಯನ್ನೂ ತಿನ್ನತೊಡಗುತ್ತದೆ. ದಂತವೈದ್ಯರ ಬಳಿ ಮಿಲಿಮೀಟರ್ ಗುರುತು ಹಾಕಿದ ಸಣ್ಣದೊಂದು ಕಡ್ಡಿಯಿರುತ್ತದೆ. ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಅದನ್ನು ಮೆಲ್ಲಗೆ ಇಳಿಸಿ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಆಳ ನೋಡುತ್ತಾರೆ. ಮೂರು ಮಿಲಿಮೀಟರಿನವರೆಗೆ ಇಳಿದರೆ ಚಿಂತೆಯಿಲ್ಲ. ನಾಲ್ಕು, ಐದು, ಆರು ಎಂದು ಇಳಿಯುತ್ತಾ ಹೋದರೆ ಅಲ್ಲಿ ಬ್ರಷ್ಷು ತಲುಪದ ಗುಳಿ ಬಿದ್ದಿದೆ, ಒಳಗೆ ಸೋಂಕು ಕೂತಿದೆ ಎಂದರ್ಥ. ನೋವಿಲ್ಲದಿರುವುದೇ ಈ ರೋಗದ ಕಪಟ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ವೈದ್ಯರ ಬಳಿಗೆ ಓಡಿಸುತ್ತದೆ. ಒಸಡಿನ ರೋಗ ವರ್ಷಗಟ್ಟಲೆ ಸದ್ದಿಲ್ಲದೆ ಮೂಳೆ ತಿಂದು, ಕೊನೆಗೊಂದು ದಿನ ಹಲ್ಲು ಅಲ್ಲಾಡಿದಾಗಲೇ ತಿಳಿಯುವುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ತೀವ್ರ ಒಸಡು ರೋಗವಿರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕೂ ಇದೆ. ಕೂಡ್ಲಿಗಿ, ಕೊಟ್ಟೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಹಲ್ಲಿನ ಮೇಲೆ ಕಂದು ಕಲೆ ಇಲ್ಲಿ ಸಾಮಾನ್ಯ. ಕನ್ನಡಿಯ ಮುಂದೆ ನಿಂತವರ ಕಣ್ಣು ಕಲೆಯ ಮೇಲೇ ಇರುತ್ತದೆ, ಅದರ ಬುಡದ ಒಸಡಿನ ಮೇಲೆ ಬೀಳುವುದೇ ಇಲ್ಲ. ಫ್ಲೋರೈಡಿನ ಕಲೆ ಬೇರೆ, ಒಸಡಿನ ರೋಗ ಬೇರೆ. ಕಲೆಯಿರುವ ಬಾಯಿಯಲ್ಲಿ ಒಸಡು ಗಟ್ಟಿಮುಟ್ಟಾಗಿರಬಹುದು. ಬೆಳ್ಳಗೆ ಹೊಳೆಯುವ ಹಲ್ಲಿನ ಬುಡದಲ್ಲಿ ಕೀವೂ ಇರಬಹುದು.

ಬಾಯಿಯ ಈ ಸೋಂಕಿಗೂ ಎದೆಯೊಳಗಿನ ನಾಳಕ್ಕೂ ದಾರಿ ಯಾವುದು? ತೀವ್ರ ಒಸಡು ರೋಗವಿರುವವರ ಬಾಯಿಯಲ್ಲಿ ಎಲ್ಲ ಹಲ್ಲುಗಳ ಸುತ್ತಲಿನ ರೋಗಗ್ರಸ್ತ ಮೇಲ್ಮೈಯನ್ನು ಒಟ್ಟು ಸೇರಿಸಿದರೆ ಅದು 8ರಿಂದ 20 ಚದರ ಸೆಂಟಿಮೀಟರಿನಷ್ಟು ಆಗುತ್ತದೆಂದು ಸಂಶೋಧಕರು ಅಳೆದಿದ್ದಾರೆ. ಮೊಣಕಾಲಿನ ಮೇಲೆ ಅಷ್ಟಗಲದ ಹಸಿ ಗಾಯ ತಿಂಗಳುಗಟ್ಟಲೆ ಮಾಯದೆ ಉಳಿದರೆ ಮನೆಯವರು ಬಲವಂತ ಮಾಡಿಯಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬಾಯಿಯೊಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಗಿಯುವಾಗ, ಹಲ್ಲುಜ್ಜುವಾಗ ಅಲ್ಲಿಂದ ಸೂಕ್ಷ್ಮಾಣುಗಳು ಕ್ಷಣಕಾಲ ರಕ್ತಕ್ಕೆ ನುಗ್ಗುತ್ತವೆ. ಬಹುಪಾಲನ್ನು ದೇಹ ಕೂಡಲೇ ಕೊಲ್ಲುತ್ತದೆ. ಆದರೆ 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಕುತ್ತಿಗೆಯ ರಕ್ತನಾಳದಿಂದ ಶಸ್ತ್ರಕ್ರಿಯೆ ಮಾಡಿ ತೆಗೆದ 50 ಕೊಬ್ಬಿನ ಗಡ್ಡೆಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇ 44ರಷ್ಟರಲ್ಲಿ ಒಸಡು ರೋಗದ ಒಂದಲ್ಲ ಒಂದು ಸೂಕ್ಷ್ಮಾಣುವಿನ ಕುರುಹು ಸಿಕ್ಕಿತು. ಎರಡನೆಯ ದಾರಿ ಸೂಕ್ಷ್ಮಾಣುವಿನದಲ್ಲ, ಉರಿಯೂತದ್ದು. ದೇಹದ ಒಂದು ಮೂಲೆಯಲ್ಲಿ ಉರಿ ಹೊತ್ತಿಕೊಂಡೇ ಇದ್ದರೆ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನಿನಂಥ ವಸ್ತುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಆ ಉರಿ ರಕ್ತನಾಳದ ಒಳಪೊರೆಯ ಬಳುಕುವ ಗುಣವನ್ನು ಕುಗ್ಗಿಸುತ್ತದೆ. ಹೃದಯಾಘಾತ ಎಂದರೆ ಕೊಳವೆಯೊಳಗೆ ಕೊಬ್ಬು ತುಂಬಿ ಕಟ್ಟಿಕೊಳ್ಳುವುದು ಎಂಬ ತಿಳಿವಳಿಕೆ ಈಗ ಹಳತಾಯಿತು. ನಾಳದ ಗೋಡೆಯಲ್ಲಿ ಉರಿಯೂತದಿಂದ ಮೆತ್ತಗಾದ ಕೊಬ್ಬಿನ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ ಎಂಬುದು ಇಂದಿನ ತಿಳಿವು. ಉರಿಯೂತಕ್ಕೆ ಇಲ್ಲಿ ಇಷ್ಟು ದೊಡ್ಡ ಪಾತ್ರವಿರುವಾಗ, ಅದನ್ನು ವರ್ಷಾನುಗಟ್ಟಲೆ ಪೊರೆಯುವ ಬಾಯಿಯ ಮೇಲೆ ಅನುಮಾನ ಬರುವುದು ಸಹಜ.

ಅನುಮಾನಕ್ಕೆ ಆಧಾರ ಬೇಕಲ್ಲ. 1989ರಲ್ಲಿ ಫಿನ್ಲೆಂಡಿನ ಕಿಮ್ಮೊ ಮಾಟ್ಟಿಲಾ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಆಗಷ್ಟೇ ಹೃದಯಾಘಾತವಾದ 100 ಮಂದಿಯ ಬಾಯಿಯನ್ನು, ಅದೇ ಸೀಮೆಯ 102 ಮಂದಿಯ ಬಾಯಿಯ ಜೊತೆ ಹೋಲಿಸಿದಾಗ ರೋಗಿಗಳ ಹಲ್ಲು, ಒಸಡಿನ ಸ್ಥಿತಿ ಎದ್ದು ಕಾಣುವಷ್ಟು ಕೆಟ್ಟಿತ್ತು. ಅದು ಸಣ್ಣ ಅಧ್ಯಯನ. ಅಷ್ಟರಿಂದಲೇ ತೀರ್ಪು ಕೊಡಲಾಗದು. 1993ರಲ್ಲಿ ಅಮೆರಿಕದ ಸುಮಾರು 9,700 ಮಂದಿಯನ್ನು ಹದಿನಾಲ್ಕು ವರ್ಷಗಳ ಕಾಲ ಗಮನಿಸಿದ ದೊಡ್ಡ ಸಮೀಕ್ಷೆಯ ಫಲ ಹೊರಬಂತು. ತೀವ್ರ ಒಸಡು ರೋಗವಿದ್ದವರಲ್ಲಿ ಹೃದಯ ಕಾಯಿಲೆಯ ಅಪಾಯ ಶೇ 25ರಷ್ಟು ಹೆಚ್ಚಿತ್ತು. 50 ವರ್ಷದೊಳಗಿನ ಗಂಡಸರಲ್ಲಿ ಶೇ 72ರಷ್ಟು. ಸ್ವೀಡನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ಯಾರೊಕ್ರ್ಯಾಂಕ್ ಎಂಬ ಅಧ್ಯಯನ ಇನ್ನೂ ಅಚ್ಚುಕಟ್ಟು. ಮೊದಲ ಸಲ ಹೃದಯಾಘಾತವಾದ 75 ವರ್ಷದೊಳಗಿನ 805 ಮಂದಿ ಒಂದು ಕಡೆ; ಅದೇ ವಯಸ್ಸಿನ, ಅದೇ ಪ್ರದೇಶದ, ಹೃದಯಾಘಾತವಾಗದ 805 ಮಂದಿ ಇನ್ನೊಂದು ಕಡೆ. ಎಲ್ಲರ ದವಡೆಗೂ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಸವೆದಿದೆ ಎಂದು ನೋಡಿದರು. ಹೃದಯಾಘಾತವಾದವರಲ್ಲಿ ಶೇ 43 ಮಂದಿಗೆ ಒಸಡು ರೋಗವಿತ್ತು, ಆಗದವರಲ್ಲಿ ಶೇ 33 ಮಂದಿಗೆ. ಧೂಮಪಾನ, ಸಕ್ಕರೆ ಕಾಯಿಲೆ, ಓದು, ಮದುವೆಯಂಥ ಸಂಗತಿಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಸರಿಹೊಂದಿಸಿದ ಮೇಲೂ ಒಸಡು ರೋಗವಿದ್ದವರ ಪಾಲಿಗೆ ಶೇ 28ರಷ್ಟು ಹೆಚ್ಚಿನ ಸಾಧ್ಯತೆ ಉಳಿದುಕೊಂಡಿತು. ಧೂಮಪಾನವೋ ಬಿಪಿಯೋ ಹೊರಿಸುವ ಹೊರೆಯ ಮುಂದೆ ಇದು ಚಿಕ್ಕದು, ನಿಜ. ಆದರೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವಿಧಾನದಲ್ಲಿ, ಮೂರು ದಶಕಗಳಲ್ಲಿ ಮತ್ತೆ ಮತ್ತೆ ಒಂದೇ ದಿಕ್ಕಿಗೆ ಮುಖ ಮಾಡಿದ ಫಲಿತಾಂಶವನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ಇಲ್ಲಿ ಎದ್ದು ನಿಲ್ಲುವ ಮೊದಲ ಆಕ್ಷೇಪ ಬಲವಾದದ್ದು. ಬೀಡಿ ಸೇದುವವನ ಒಸಡೂ ಕೆಡುತ್ತದೆ, ಹೃದಯವೂ ಕೆಡುತ್ತದೆ; ಹಾಗೆಂದು ಒಸಡು ಹೃದಯವನ್ನು ಕೆಡಿಸಿತು ಎನ್ನಲಾದೀತೇ? ಎರಡಕ್ಕೂ ಮೂಲ ಒಂದೇ ಇರಬಹುದಲ್ಲ? ಹೌದು, ಇರಬಹುದು. ತಂಬಾಕು, ಸಕ್ಕರೆ ಕಾಯಿಲೆ, ಬಡತನ, ವಯಸ್ಸು ಈ ನಾಲ್ಕೂ ಎರಡೂ ರೋಗಗಳಿಗೆ ಸಮಾನ ಕಾರಣಗಳು. ಲೆಕ್ಕದಲ್ಲಿ ಅವನ್ನು ಎಷ್ಟೇ ಸರಿಹೊಂದಿಸಿದರೂ ಒಂದಷ್ಟು ಪಾಲು ಸಂದಿಯಲ್ಲಿ ನುಸುಳಿ ಉಳಿಯುತ್ತದೆ. ಅಮೆರಿಕದ ಅದೇ ಸಮೀಕ್ಷೆಯ ಅಂಕಿಅಂಶಗಳನ್ನು ಬೇರೆ ರೀತಿಯಲ್ಲಿ ಜಾಲಾಡಿದ ಫಿಲಿಪ್ ಹುಜೋಯೆಲ್ ಮತ್ತು ಸಂಗಡಿಗರು 2000ದಲ್ಲಿ, ನಂಟಿಗೆ ನಂಬುವಂಥ ಆಧಾರ ತಮಗೆ ಕಾಣಲಿಲ್ಲವೆಂದೇ ಬರೆದರು. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಿಕೊಂಡರೂ ನನ್ನ ವಾದ ಕುಸಿಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 22.8 ವಯಸ್ಕರು ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅಗಿಯುವ, ಬಾಯಲ್ಲಿಡುವ ತಂಬಾಕಿನವರೇ ಶೇ 16.3. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಪಾನ್ ಮಸಾಲಾದ ಚೀಟಿಯನ್ನೂ ತಂಬಾಕಿನ ಚೀಟಿಯನ್ನೂ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ಉಪಾಯವನ್ನು ಅಂಗಡಿಯೂ ಗಿರಾಕಿಯೂ ಬೇಗನೆ ಕಲಿತರು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು, ವಯಸ್ಕರಲ್ಲಿ ಶೇ 11.4. ಕೆಟ್ಟ ಒಸಡು ಈ ಕಾರಣಗಳೆಲ್ಲ ಒಂದೆಡೆ ಸೇರಿ ಕಣ್ಣಿಗೆ ಕಾಣಿಸಿಕೊಳ್ಳುವ ಜಾಗ ಎಂದಾದರೆ, ಅದು ಹೃದಯಕ್ಕೆ ಕಾರಣವೋ ಜೊತೆಗಾರನೋ ಎಂಬ ತರ್ಕ ಸಂಶೋಧಕರಿಗೆ ಮುಖ್ಯ. ಆಸ್ಪತ್ರೆಯ ಬಾಗಿಲಲ್ಲಿ ನಿಂತ ನಲವತ್ತೈದರ ರೈತನಿಗೆ ಅಷ್ಟು ಮುಖ್ಯವಲ್ಲ. ಅವನ ಒಸಡಿನಲ್ಲಿ ಕೀವಿದ್ದರೆ ಅವನ ಸಕ್ಕರೆ, ಬಿಪಿ ನೋಡಲೇಬೇಕು. ನೋಡಿದರೆ ಅಲ್ಲಿ ಏನಾದರೂ ಸಿಗುವ ಸಂಭವ ಹೆಚ್ಚು.

ಎರಡನೆಯ ಆಕ್ಷೇಪ ಇನ್ನೂ ಹರಿತ. ಒಸಡಿಗೆ ಚಿಕಿತ್ಸೆ ಕೊಟ್ಟದ್ದರಿಂದ ಹೃದಯಾಘಾತ ಕಡಿಮೆಯಾಯಿತೆಂದು ಯಾರಾದರೂ ತೋರಿಸಿದ್ದಾರೆಯೇ? ಇಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಈ ಕುರಿತು ಒಂದು ಹೇಳಿಕೆ ಹೊರಡಿಸಿತು. ಒಸಡು ರೋಗಕ್ಕೂ ರಕ್ತನಾಳದ ಕಾಯಿಲೆಗೂ ಗೊತ್ತಿರುವ ಕಾರಣಗಳನ್ನು ಮೀರಿದ ಸಂಬಂಧ ಕಾಣುತ್ತದೆ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದಾಗಲಿ, ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆಂದಾಗಲಿ ಸಾಬೀತಾಗಿಲ್ಲ ಎಂದು ಅದು ಹೇಳಿತು. ಲಭ್ಯ ಪ್ರಯೋಗಗಳನ್ನು ಒಟ್ಟು ಮಾಡಿ ತೂಗುವ ಕಾಕ್ರೇನ್ ವಿಮರ್ಶೆಗಳೂ ಪುರಾವೆ ಸಾಲದು ಎನ್ನುತ್ತವೆ. ಪುರಾವೆ ಸಿಗದಿರುವುದಕ್ಕೆ ಕಾರಣ ಕೆಲಸದ ಕಷ್ಟವೂ ಹೌದು. ಸಾವಿರಾರು ಮಂದಿಯನ್ನು ಎರಡು ಗುಂಪು ಮಾಡಿ, ಹತ್ತಾರು ವರ್ಷ ಒಂದು ಗುಂಪಿನ ಒಸಡಿಗೆ ಚಿಕಿತ್ಸೆ ಕೊಡದೆ ಹಲ್ಲು ಉದುರಲು ಬಿಟ್ಟು ನೋಡುವುದಕ್ಕೆ ಯಾವ ವೈದ್ಯಧರ್ಮವೂ ಒಪ್ಪದು. ಹಾಗಾಗಿ ಸಂಶೋಧಕರು ಹೃದಯಾಘಾತವನ್ನು ಎಣಿಸುವ ಬದಲು ರಕ್ತನಾಳ ಹೇಗೆ ಬಳುಕುತ್ತದೆ ಎಂಬುದನ್ನು ಅಳೆದರು. ಮೌರಿಝಿಯೊ ಟೊನೆಟ್ಟಿ ಮತ್ತು ಸಂಗಡಿಗರು ತೀವ್ರ ಒಸಡು ರೋಗದ 120 ಮಂದಿಯ ಮೇಲೆ ನಡೆಸಿದ ಪ್ರಯೋಗ 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಗುಳಿಗಳ ಒಳಗಿನ ಕಿಟ್ಟವನ್ನೆಲ್ಲ ಕೆರೆದು ತೆಗೆಯುವ ಪೂರ್ಣ ಚಿಕಿತ್ಸೆ, ಇನ್ನೊಂದಕ್ಕೆ ಮಾಮೂಲಿ ಮೇಲ್ಮೈ ಶುಚಿ. ಚಿಕಿತ್ಸೆಯಾದ ಮರುದಿನ ಪೂರ್ಣ ಚಿಕಿತ್ಸೆಯ ಗುಂಪಿನವರ ರಕ್ತನಾಳದ ಸ್ಥಿತಿ ಇನ್ನೊಂದು ಗುಂಪಿನವರಿಗಿಂತ ಕೆಟ್ಟಿತ್ತು, ರಕ್ತದಲ್ಲಿ ಉರಿಯೂತದ ಗುರುತುಗಳು ಏರಿದ್ದವು. ಎರಡು ತಿಂಗಳಿಗೆ ಲೆಕ್ಕ ತಿರುಗಿತು. ಆರು ತಿಂಗಳ ಹೊತ್ತಿಗೆ ಅವರ ರಕ್ತನಾಳಗಳು ಇನ್ನೊಂದು ಗುಂಪಿನವರದಕ್ಕಿಂತ ಚೆನ್ನಾಗಿ ಹಿಗ್ಗುತ್ತಿದ್ದವು. ಬಾಯಿಯನ್ನು ಕೆದಕಿದಾಗ ನಾಳ ಮುದುಡಿತು, ಬಾಯಿ ವಾಸಿಯಾದಾಗ ನಾಳ ಅರಳಿತು. ಇದು ಹೃದಯಾಘಾತ ತಪ್ಪಿತೆಂಬುದರ ಪುರಾವೆಯಲ್ಲ. ಬಾಯಿಯಲ್ಲಿ ನಡೆದದ್ದು ರಕ್ತನಾಳಕ್ಕೆ ಮುಟ್ಟುತ್ತದೆ ಎಂಬುದರ ಪುರಾವೆ. 2020ರಲ್ಲಿ ಯುರೋಪಿನ ಒಸಡುತಜ್ಞರ ಒಕ್ಕೂಟವೂ ವಿಶ್ವ ಹೃದಯ ಒಕ್ಕೂಟವೂ ಜೊತೆಗೂಡಿ ಹೊರತಂದ ಒಮ್ಮತದ ವರದಿ ಕೂಡ ಇದೇ ಎಚ್ಚರದ ದನಿಯಲ್ಲಿದೆ: ಹೃದಯ ತಜ್ಞರು ರೋಗಿಯ ಒಸಡಿನ ಬಗ್ಗೆ ವಿಚಾರಿಸಲಿ, ಹಲ್ಲಿನ ವೈದ್ಯರು ಹೃದಯದ ಬಗ್ಗೆ ವಿಚಾರಿಸಲಿ.

ಎಚ್ಚರದ ದನಿ ಯಾಕೆ ಬೇಕು ಎಂಬುದಕ್ಕೆ ಇತಿಹಾಸದ ಪಾಠವೊಂದಿದೆ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ, ದೇಹದ ನಾನಾ ರೋಗಗಳಿಗೆ ಬಾಯಿಯ ಸೋಂಕೇ ಮೂಲ ಎಂದು ಬಲವಾಗಿ ವಾದಿಸಿದ. ಆ ಮಾತು ಗಾಳಿಯಂತೆ ಹಬ್ಬಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಕೀಲುನೋವಿಗೆ, ಹೊಟ್ಟೆನೋವಿಗೆ, ಕೊನೆಗೆ ಮನೋರೋಗಕ್ಕೂ ಲೆಕ್ಕವಿಲ್ಲದಷ್ಟು ಜನರ ಒಳ್ಳೆಯ ಹಲ್ಲುಗಳನ್ನೂ ಕಿತ್ತು ಹಾಕಿದರು. ರೋಗಗಳು ಹೋಗಲಿಲ್ಲ, ಹಲ್ಲುಗಳು ಹೋದವು. ಇವತ್ತು ಒಸಡು-ಹೃದಯದ ನಂಟನ್ನು ಕೇಳಿದ ಯಾರಾದರೂ, ಹಾಗಾದರೆ ಎಲ್ಲ ಹಲ್ಲನ್ನೂ ಕೀಳಿಸಿಬಿಡೋಣ, ಕಾಟವೇ ಬೇಡ ಎಂದರೆ ಅದೇ ತಪ್ಪು ಮರುಕಳಿಸೀತು. ಹಲ್ಲೆಲ್ಲ ಹೋದವರಲ್ಲಿ ಹೃದಯದ ಅಪಾಯ ಇಳಿದದ್ದು ಹುಜೋಯೆಲ್ ಅವರ ಇನ್ನೊಂದು ಅಧ್ಯಯನಕ್ಕೂ ಕಾಣಲಿಲ್ಲ. ನಮ್ಮ ಸೀಮೆಯಲ್ಲಂತೂ ಹಲ್ಲು ಕಳೆದುಕೊಳ್ಳುವುದು ಊಟವನ್ನೇ ಬದಲಿಸುತ್ತದೆ. ಕಟಕು ಜೋಳದ ರೊಟ್ಟಿ, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು, ಮೊಳಕೆ ಕಾಳು, ಶೇಂಗಾ ಎಲ್ಲಕ್ಕೂ ಹಲ್ಲು ಬೇಕು. ಹಲ್ಲಿಲ್ಲದ ಬಾಯಿ ಮೆತ್ತನೆಯ ಬಿಳಿ ಅನ್ನ, ಚಹಾದಲ್ಲಿ ಅದ್ದಿದ ಬ್ರೆಡ್ಡು, ಬಿಸ್ಕತ್ತಿಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಬೇಡವಾದ ಊಟ ಅದೇ. ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಡುವ ಏರ್ಪಾಡು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಆ ಯೋಜನೆ ಶುರುವಾಗುವುದು ಹಲ್ಲು ಹೋದ ಮೇಲೆ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, ಒಸಡಿನಲ್ಲಿ ರಕ್ತ ಕಂಡಾಗ ಯಾರಾದರೂ ವಿಚಾರಿಸಿದ್ದರೆ ಹಲ್ಲಿನ ಸೆಟ್ಟೂ ಬೇಕಾಗುತ್ತಿರಲಿಲ್ಲ.

ಚಿಕಿತ್ಸೆಯಿಂದ ಖಚಿತ ಲಾಭ ಕಂಡಿರುವ ಒಂದು ಕಡೆಯೂ ಇದೆ, ಅದು ಹೃದಯಕ್ಕೆ ತೀರಾ ಹತ್ತಿರದ್ದು. ಸಕ್ಕರೆ ಕಾಯಿಲೆಗೂ ಒಸಡಿಗೂ ಇರುವುದು ಇಬ್ಬದಿಯ ವ್ಯವಹಾರ. ರಕ್ತದಲ್ಲಿ ಸಕ್ಕರೆ ಏರಿದರೆ ಒಸಡಿನ ಸೋಂಕು ಬಿಗಡಾಯಿಸುತ್ತದೆ. ಒಸಡಿನ ಉರಿಯೂತ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬಂದು ಸಕ್ಕರೆಯನ್ನು ಏರಿಸುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಸಕ್ಕರೆ ಕಾಯಿಲೆಯವರಿಗೆಲ್ಲ ಗೊತ್ತು. ಒಸಡಿಗೆ ಸರಿಯಾದ ಚಿಕಿತ್ಸೆ ಮಾಡಿಸಿಕೊಂಡ ಮೂರು ನಾಲ್ಕು ತಿಂಗಳಲ್ಲಿ ಆ ಅಂಕಿ ಸರಾಸರಿ 0.43ರಷ್ಟು ಇಳಿಯುತ್ತದೆಂದು 2022ರ ಕಾಕ್ರೇನ್ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಹೇಳಿತು. ಮಾತ್ರೆಗಳ ಜಾಗವನ್ನು ಇದು ತುಂಬಲಾರದು, ಆದರೆ ಮಾತ್ರೆಗಳ ಕೆಲಸ ಹಗುರ ಮಾಡುತ್ತದೆ. ಸಕ್ಕರೆ ಕಾಯಿಲೆಯವರನ್ನು ಕೊನೆಗೆ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಹೃದಯ ಮತ್ತು ರಕ್ತನಾಳದ ತೊಂದರೆಯೇ ಆದ್ದರಿಂದ, ಸಕ್ಕರೆಯ ದಾರಿಯಿಂದ ಬಳಸಿಕೊಂಡು ಹೋದರೂ ನಾವು ತಲುಪುವುದು ಹೃದಯದ ಬಾಗಿಲಿಗೇ. ತಿಂಗಳು ತಿಂಗಳು ಸಕ್ಕರೆ ಮಾತ್ರೆ ತೆಗೆದುಕೊಂಡು ಹೋಗುವ ಪ್ರತಿಯೊಬ್ಬರ ಬಾಯಿಯನ್ನೂ ವರ್ಷಕ್ಕೊಮ್ಮೆಯಾದರೂ ನೋಡಬೇಕು ಎನ್ನಲು ಇಷ್ಟೇ ಕಾರಣ ಸಾಕು.

ಈಗಾಗಲೇ ಹೃದಯದ ತೊಂದರೆ ಇರುವವರಿಗೆ ಬಾಯಿಯ ವಿಚಾರ ಇನ್ನೂ ಗಂಭೀರ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆ ನುಂಗುತ್ತಿರುತ್ತಾರೆ. ಹಲ್ಲು ಕೀಳಿಸಲು, ಶುಚಿ ಮಾಡಿಸಲು ಹೋಗುವ ಮುನ್ನ ತಾವೇ ಆ ಮಾತ್ರೆ ನಿಲ್ಲಿಸಿಬಿಡುವ ರೂಢಿಯಿದೆ. ಒಸಡಿನಿಂದ ನಾಲ್ಕು ಹನಿ ಹೆಚ್ಚು ರಕ್ತ ಹೋದರೆ ಹತ್ತಿಯಿಂದ ಒತ್ತಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಸಂಚಕಾರ. ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಬಿಪಿಗೆ ಅಮ್ಲೊಡಿಪಿನ್ ಮಾತ್ರೆ ನುಂಗುವ ಕೆಲವರಿಗೆ ಒಸಡು ದಪ್ಪಗೆ ಬೆಳೆದು ಹಲ್ಲಿನ ಮೇಲೆ ಏರುತ್ತದೆ. ಪಾಚಿ ಹೆಚ್ಚಿದ್ದ ಬಾಯಿಯಲ್ಲಿ ಅದು ಇನ್ನೂ ಜಾಸ್ತಿ. ಆಗಲೂ ಮಾತ್ರೆ ಬಿಡಬಾರದು. ವೈದ್ಯರಿಗೆ ತೋರಿಸಿ, ಬೇಕಿದ್ದರೆ ಬೇರೆ ಮಾತ್ರೆ ಬರೆಸಿಕೊಳ್ಳಬೇಕು. ಹೃದಯದ ಕವಾಟ ಬದಲಿಸಿಕೊಂಡವರಲ್ಲಿ, ಹಿಂದೊಮ್ಮೆ ಹೃದಯದ ಒಳಪದರಕ್ಕೆ ಸೋಂಕು ತಗುಲಿದವರಲ್ಲಿ ಬಾಯಿಯ ಸೂಕ್ಷ್ಮಾಣು ನೇರವಾಗಿ ಕವಾಟದ ಮೇಲೆ ಕೂತು ಜೀವಕ್ಕೆ ಕುತ್ತು ತರಬಲ್ಲದು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ವೈದ್ಯಲೋಕ ಇದನ್ನು ಬಹುಕಾಲದಿಂದ ಬಲ್ಲದು. ಅಂಥವರು, ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಕವಾಟ ಕೆಟ್ಟವರು, ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂರುವ ಮೊದಲೇ ಆ ಮಾತು ಹೇಳಬೇಕು. ಯಾರಿಗೆ ಮುಂಚಿತವಾಗಿ ಆ್ಯಂಟಿಬಯಾಟಿಕ್ ಬೇಕು ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಇನ್ನೂ ಒಂದು ಮಾತು. ಹೃದಯಾಘಾತದ ನೋವು ಕೆಲವೊಮ್ಮೆ ಎದೆಯಲ್ಲಿ ಕಾಣದೆ ಕೆಳದವಡೆಯಲ್ಲಿ, ಹಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ನಡೆದಾಗ, ಭಾರ ಎತ್ತಿದಾಗ ದವಡೆ ನೋಯುವುದು, ಕೂತರೆ ನಿಲ್ಲುವುದು, ಜೊತೆಗೆ ಬೆವರು, ಸಂಕಟ ಇದ್ದರೆ ಅದು ಹಲ್ಲುನೋವಲ್ಲ. ಲವಂಗದೆಣ್ಣೆ ಹಚ್ಚುತ್ತ ಕೂರದೆ ಇಸಿಜಿ ಮಾಡಿಸಬೇಕು.

ಇನ್ನು ಜನ ಆಡುವ ಆಕ್ಷೇಪಗಳು. ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲಾಗುತ್ತವೆ ಎಂಬ ಮಾತು ಊರೂರಲ್ಲೂ ಇದೆ. ಅದಕ್ಕೆ ಕಾರಣವೂ ಇದೆ. ಮೂಳೆ ಸವೆದ ಹಲ್ಲುಗಳನ್ನು ಗಟ್ಟಿ ಕಿಟ್ಟವೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಕಿಟ್ಟ ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ. ಹಲ್ಲನ್ನು ಸಡಿಲ ಮಾಡಿದ್ದು ರೋಗ, ವೈದ್ಯರ ಉಪಕರಣವಲ್ಲ. ರಕ್ತ ಬರುತ್ತದೆಂದು ಬ್ರಷ್ ಮಾಡುವುದನ್ನೇ ಬಿಡುವುದು ಇನ್ನೊಂದು ರೂಢಿ. ಮೆತ್ತನೆಯ ಬ್ರಷ್ಷಿನಿಂದ ಆ ಜಾಗವನ್ನೇ ನಯವಾಗಿ, ದಿನಕ್ಕೆರಡು ಸಲ ತಿಕ್ಕಿದರೆ ಆರಂಭದ ಹಂತದ ರಕ್ತಸ್ರಾವ ಒಂದೆರಡು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ವೈದ್ಯರಿಗೆ ತೋರಿಸಬೇಕು. ನಮಗಂತೂ ರಕ್ತವೇ ಬರುವುದಿಲ್ಲ, ಒಸಡು ಗಟ್ಟಿಯಾಗಿದೆ ಎನ್ನುವ ಬೀಡಿ, ಸಿಗರೇಟಿನವರು ಮೋಸ ಹೋಗಿರುತ್ತಾರೆ. ಹೊಗೆ ಒಸಡಿನ ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವವನ್ನು ಮುಚ್ಚಿಡುತ್ತದೆ. ಒಳಗೆ ಮೂಳೆ ಸವೆಯುತ್ತಲೇ ಇರುತ್ತದೆ. ಅವರ ಬಾಯಿಯಲ್ಲಿ ರಕ್ತವಿಲ್ಲದಿರುವುದು ಸಮಾಧಾನದ ಸಂಗತಿಯಲ್ಲ. ಇದ್ದಿಲು, ಇಟ್ಟಿಗೆಪುಡಿಯಿಂದ ತಿಕ್ಕುವುದು ಹಲ್ಲನ್ನು ಸವೆಸುತ್ತದೆ. ತಂಬಾಕಿನ ಪುಡಿಯಿಂದ ತಿಕ್ಕುವ ಅಭ್ಯಾಸ, ಹೆಚ್ಚಾಗಿ ಹಿರಿಯ ಹೆಂಗಸರದು, ಶುಚಿಯ ಹೆಸರಿನಲ್ಲಿ ಚಟವನ್ನು ಸಾಕುತ್ತದೆ. ಬೇವಿನ ಕಡ್ಡಿ ಕೆಟ್ಟದ್ದೇನಲ್ಲ, ತುದಿ ಚೆನ್ನಾಗಿ ಜಗಿದು ಕುಂಚ ಮಾಡಿಕೊಂಡು ಒಸಡಿಗೆ ಗಾಯವಾಗದಂತೆ ಬಳಸಿದರೆ. ಆದರೆ ಹಿಂಬದಿಯ ದವಡೆಹಲ್ಲಿನ ಒಳಮಗ್ಗುಲಿಗೆ ಅದು ತಲುಪುವುದು ಕಷ್ಟ.

ಕೊನೆಯ ಆಕ್ಷೇಪ ದುಡ್ಡಿನದು, ದೂರದ್ದು. ಹೃದಯಕ್ಕೇ ದಾವಣಗೆರೆಗೋ ಹೊಸಪೇಟೆಗೋ ಬಳ್ಳಾರಿಗೋ ಓಡಬೇಕಾದವರಿಗೆ ಒಸಡಿನ ಉಪದೇಶ ಯಾಕೆ ಎಂದು ಯಾರಾದರೂ ಕೇಳಬಹುದು. ಓಡಾಟ ಅಷ್ಟು ಕಷ್ಟವಿರುವುದರಿಂದಲೇ ಮನೆ ಬಾಗಿಲಲ್ಲಿ ಸಿಗುವ ಮುನ್ಸೂಚನೆಗೆ ಬೆಲೆ ಹೆಚ್ಚು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಿಂದ ದೊಡ್ಡ ಹೃದಯಾಸ್ಪತ್ರೆ ಗಂಟೆಗಟ್ಟಲೆ ದಾರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಈ ದೂರವನ್ನು ಕಡಿಮೆ ಮಾಡಲೆಂದೇ ಬಂತು. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ತಜ್ಞರು ಅದನ್ನು ನೋಡಿ, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡಿಸುವ ಏರ್ಪಾಡು ಅದು. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ, ಬಾಯಿ ಕ್ಯಾನ್ಸರ್ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಬಾಯಿ ಕ್ಯಾನ್ಸರಿಗೆಂದು ಬಾಯಿ ತೆರೆಸಿದ ಮೇಲೆ ಒಸಡನ್ನೂ ನೋಡುವುದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ನೌಕರರು ಬೇಕಿಲ್ಲ. ಹಲ್ಲುಜ್ಜಿದಾಗ ರಕ್ತ ಬರುತ್ತದೆಯೇ, ಹಲ್ಲು ಅಲ್ಲಾಡುತ್ತವೆಯೇ, ಒಸಡು ಇಳಿದು ಹಲ್ಲು ಉದ್ದವಾದಂತೆ ಕಾಣುತ್ತಿದೆಯೇ ಎಂಬ ಮೂರು ಪ್ರಶ್ನೆ ಕೇಳಿ ಬಿಪಿ-ಸಕ್ಕರೆಯ ಅದೇ ಕಾರ್ಡಿನ ಮೇಲೆ ಗುರುತು ಹಾಕಿದರೆ ಸಾಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರ ಹುದ್ದೆಯಿದೆ. ದಾವಣಗೆರೆ, ಬಳ್ಳಾರಿಯ ದಂತವೈದ್ಯ ಕಾಲೇಜುಗಳಲ್ಲಿ ಒಸಡಿನ ವಿಭಾಗಗಳಿವೆ. ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯಿಂದ ಪ್ರತಿ ವರ್ಷ ಪಾದಯಾತ್ರೆಯಲ್ಲಿ ಸಾವಿರಾರು ಜನ ನಡೆದು ಬರುತ್ತಾರೆ. ಆ ದಾರಿಯಲ್ಲಿ ಕಾಲಿಗೆ ಮುಲಾಮು ಹಚ್ಚುವ ಕಡೆ ಬಿಪಿ ಪಟ್ಟಿಯನ್ನೂ ಒಸಡು ನೋ‌ಡುವ ಬೆಳಕನ್ನೂ ಇಟ್ಟರೆ, ಆಸ್ಪತ್ರೆಯ ಮೆಟ್ಟಿಲನ್ನೇ ತುಳಿಯದ ಗಂಡಸರು ಅಲ್ಲಿ ಸಿಗುತ್ತಾರೆ. ಖರ್ಚಿನ ಲೆಕ್ಕ ಹಾಕುವುದಾದರೆ, ದಿನಕ್ಕೆ ನಾಲ್ಕು ಚೀಟಿ ಪಾನ್ ಮಸಾಲಾ, ತಂಬಾಕಿಗೆ ಒಂದು ತಿಂಗಳಲ್ಲಿ ಕೊಡುವ ದುಡ್ಡಿನಲ್ಲಿ ಆ ತಿಂಗಳಿಗೆ ಇಡೀ ಮನೆಗೆ ಬ್ರಷ್ಷು, ಪೇಸ್ಟು ಬರುತ್ತದೆ.

ಹೀಗಾಗಿ ನಾನು ಕೇಳಿಕೊಳ್ಳುವುದು ಎರಡೇ ಮಾತು. ಬಿಪಿ, ಸಕ್ಕರೆ ನೋಡುವ ಮೇಜಿನಲ್ಲಿ ಬಾಯಿ ತೆರೆಸಿ ನೋಡುವ ರೂಢಿ ಬರಲಿ; ಹಲ್ಲಿನ ವೈದ್ಯರ ಕುರ್ಚಿಯ ಪಕ್ಕದಲ್ಲಿ ಬಿಪಿ ಯಂತ್ರ ಇರಲಿ. ಒಸಡು ಕೆಟ್ಟವರೆಲ್ಲರಿಗೂ ಹೃದಯಾಘಾತವಾಗುವುದಿಲ್ಲ, ಒಸಡು ಚೆನ್ನಾಗಿದ್ದವರಿಗೆ ಆಗದೆಂಬ ಭರವಸೆಯೂ ಇಲ್ಲ. ಭಯ ಬೇಡ, ಹುಸಿ ಧೈರ್ಯವೂ ಬೇಡ. ಮುಂದೊಂದು ದಿನ ದೊಡ್ಡ ಪ್ರಯೋಗಗಳು ಮುಗಿದು, ಒಸಡಿನ ಚಿಕಿತ್ಸೆಯಿಂದ ಹೃದಯಕ್ಕೆ ನೇರ ಲಾಭವಿಲ್ಲ ಎಂದೇ ತೀರ್ಮಾನವಾದರೂ ಈ ಎರಡು ಕೆಲಸದಿಂದ ನಮಗೆ ನಷ್ಟವಾಗುವುದಿಲ್ಲ. ಹಲ್ಲು ಉಳಿದಿರುತ್ತವೆ, ಸಕ್ಕರೆ ಒಂದಿಷ್ಟು ಹತೋಟಿಗೆ ಬಂದಿರುತ್ತದೆ, ಅಡಗಿದ್ದ ಬಿಪಿ ಸಿಕ್ಕಿಬಿದ್ದಿರುತ್ತದೆ, ಎಪ್ಪತ್ತರಲ್ಲೂ ಜೋಳದ ರೊಟ್ಟಿ ಮುರಿದು ತಿನ್ನಲು ಬಾಯಿ ಗಟ್ಟಿಯಿರುತ್ತದೆ. ಲಾಭವಿದೆಯೆಂದೇ ತೀರ್ಮಾನವಾದರೆ, ನಾವು ಅಷ್ಟು ವರ್ಷ ಮೊದಲೇ ಕೆಲಸ ಶುರು ಮಾಡಿದಂತಾಯಿತು. ನಾಳೆ ಬೆಳಗ್ಗೆ ಹಲ್ಲುಜ್ಜಿ ಉಗುಳುವಾಗ ಒಂದು ಕ್ಷಣ ನೋಡಿ. ಕೆಂಪು ಕಂಡರೆ ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಲ್ಲನ್ನೂ ತೋರಿಸಿ, ಬಿಪಿ, ಸಕ್ಕರೆಯನ್ನೂ ಪರೀಕ್ಷಿಸಿಕೊಂಡು ಬನ್ನಿ.